ಸಭೆಗೆ ಜಾಗ ಕೊಡಿ: ಕರಾವಳಿಯ ಸಭಾಂಗಣ, ಮೈದಾನ, ವಾಚನಾಲಯಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಂಗಳೂರಿನಲ್ಲಿ, ಉಡುಪಿಯಲ್ಲಿ, ಸುತ್ತಲಿನ ಊರುಗಳಲ್ಲಿ ನೀವು ನೋಡಿಕೊಳ್ಳುವ ಸಾರ್ವಜನಿಕ ಜಾಗಗಳು ಕಡಿಮೆಯೇನಿಲ್ಲ. ಪುರಭವನ, ಮೈದಾನ, ಸಮುದಾಯ ಭವನ, ಪಂಚಾಯತಿ ಸಭಾಭವನ, ಶಾಲೆಯ ಹಾಲ್, ವಾಚನಾಲಯ ಎಲ್ಲವೂ ಇವೆ. ಮದುವೆಗೆ, ಯಕ್ಷಗಾನಕ್ಕೆ, ಸನ್ಮಾನಕ್ಕೆ, ಸೀರೆ ಮಾರಾಟ ಮೇಳಕ್ಕೆ ಅವು ಸಿಗುತ್ತವೆ. ಸಿಗಬೇಕಾದ್ದೇ. ಆದರೆ ನಾಲ್ಕು ಜನ ಕೂತು ಊರಿನ ಆಡಳಿತದ ಬಗ್ಗೆ, ಒಂದು ಕಾನೂನಿನ ಬಗ್ಗೆ, ಸರ್ಕಾರದ ಬಗ್ಗೆ ಮಾತಾಡುತ್ತೇವೆ ಎಂದರೆ ಬಾಗಿಲು ಅಷ್ಟು ಸಲೀಸಾಗಿ ತೆರೆಯುವುದಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ನಾನು ತುಂಬಾ ವರ್ಷ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ ಮಾಡಿದವನು. ಈಗ ಕೆಲವು ಗೆಳೆಯರ ಜೊತೆ ಸೇರಿ ಸಣ್ಣದೊಂದು ಓದುಗರ ಬಳಗ ನಡೆಸುತ್ತೇನೆ. ಹಾಗಾಗಿ ಅಚ್ಚಿನ ಕಡೆಯನ್ನೂ ನೋಡಿದ್ದೇನೆ, ಸಭೆಯ ಕಡೆಯನ್ನೂ ನೋಡುತ್ತಿದ್ದೇನೆ. ಪ್ರತಿ ವರ್ಷ ಜುಲೈ 1ಕ್ಕೆ ನಮ್ಮಲ್ಲಿ ಪತ್ರಿಕಾ ದಿನ ಆಚರಿಸುತ್ತಾರೆ. ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಒಳ್ಳೆಯ ಭಾಷಣಗಳಾಗುತ್ತವೆ. ಸಭೆ ಸೇರುವ ಸ್ವಾತಂತ್ರ್ಯದ ಮಾತು ಅಲ್ಲಿ ಬರುವುದು ಅಪರೂಪ. ಅವೆರಡೂ ಬೇರೆ ಬೇರೆ ವಿಷಯ ಎಂದು ನಾವು ಅಂದುಕೊಂಡುಬಿಟ್ಟಿದ್ದೇವೆ. ಆದರೆ ಇತಿಹಾಸದಲ್ಲಿ ಅವು ಒಟ್ಟಿಗೇ ಬೆಳೆದಿವೆ. ಒಂದರ ಬಾಯಿ ಮುಚ್ಚಿಸಲು ಹೊರಟವರು ಇನ್ನೊಂದನ್ನೂ ಬಿಟ್ಟಿಲ್ಲ.

ಜುಲೈ 1 ಯಾಕೆ ಎಂಬುದು ನಿಮಗೆ ಗೊತ್ತೇ ಇದೆ. 1843ರ ಆ ದಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ದ ಮೊದಲ ಸಂಚಿಕೆ ತಂದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮಾಡಿದ್ದು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಆ ಸಂಚಿಕೆಯ ಶುರುವಿನಲ್ಲೇ ಈ ಊರಿನ ಜನರ ಒಂದು ಅಭ್ಯಾಸದ ಮಾತು ಬರುತ್ತದೆ. ಚಾವಡಿ ಕಟ್ಟೆ, ಬಂದರಿನ ಕಟ್ಟೆ, ಕಚೇರಿ ಕಟ್ಟೆಗಳಲ್ಲಿ ಜನ ಕೂತಿರುತ್ತಾರೆ, ಪರಊರಿನಿಂದ ಬಂದವರನ್ನು ಕಂಡರೆ ನಿಮ್ಮ ಕಡೆ ಏನು ಸುದ್ದಿ ಎಂದು ಕೇಳುತ್ತಾರೆ ಎಂಬ ಅರ್ಥದ ಮಾತು ಅದು. ಪತ್ರಿಕೆ ಹುಟ್ಟಿದ್ದು ಆ ಕಟ್ಟೆಯವರಿಗಾಗಿ. ಕೂತು ಮಾತಾಡುವ ಜನ ಮೊದಲೇ ಇದ್ದರು. ಆಮೇಲೆ ಅವರ ಕೈಗೆ ಕಾಗದ ಬಂತು.

ಈಗ ಅಂಥ ಜನ ಕೂರುವುದೆಲ್ಲಿ? ಹಂಪನಕಟ್ಟೆಯಲ್ಲಿ ನಿಲ್ಲಲು ಜಾಗ ಸಿಕ್ಕಿದರೆ ಅದೇ ದೊಡ್ಡದು. ಹೋಟೆಲಿನಲ್ಲಿ ಚಾ ಕುಡಿದು ಮುಗಿದ ಕೂಡಲೇ ಮೇಜು ಬಿಡಬೇಕು. ಮನೆಯಲ್ಲಿ ಇಪ್ಪತ್ತು ಜನರನ್ನು ಕೂರಿಸುವಷ್ಟು ಜಾಗ ಎಷ್ಟು ಮಂದಿಗಿದೆ? ಹಾಗಾಗಿ ಬಾಡಿಗೆಗೆ ಹಾಲ್ ಕೇಳುತ್ತೇವೆ.

ನಮಗಾದ ಅನುಭವ ಹೇಳುತ್ತೇನೆ. ಯಾವ ಊರು, ಯಾವ ಸಭಾಂಗಣ ಎಂದು ಬರೆಯುವುದಿಲ್ಲ. ಒಬ್ಬರನ್ನು ದೂರುವುದು ನನ್ನ ಉದ್ದೇಶವಲ್ಲ. ಕಳೆದ ಮಳೆಗಾಲದಲ್ಲಿ, ಮಾತಾಡುವ, ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯ ಬಗ್ಗೆ ಒಂದು ಸಂಜೆ ಮಾತು-ಚರ್ಚೆ ಇಟ್ಟುಕೊಳ್ಳೋಣ ಎಂದು ಹೊರಟೆವು. ಅರ್ಜಿ ಫಾರಂ ಒಂದೇ ಹಾಳೆ. ಹೆಸರು, ವಿಳಾಸ, ತಾರೀಕು, ಮೈಕ್ ಬೇಕೇ, ಕುರ್ಚಿ ಎಷ್ಟು, ಊಟ ಇದೆಯೇ. 'ಕಾರ್ಯಕ್ರಮದ ವಿವರ' ಎಂಬಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಗುಮಾಸ್ತರು ಅದನ್ನು ಓದಿ ತಲೆ ಎತ್ತಿದರು.

"ಇದರಲ್ಲಿ ರಾಜಕೀಯ ಉಂಟಾ ಮಾರಾಯ್ರೇ?"

ಸಂವಿಧಾನ ಉಂಟು ಎಂದೆವು.

"ಹಾಗಾದ್ರೆ ಒಂದು ಮುಚ್ಚಳಿಕೆ ಬರೆದು ಕೊಡಿ. ಸರ್ಕಾರದ ವಿರುದ್ಧ ಮಾತಾಡುವುದಿಲ್ಲ ಅಂತ. ನನಗೇನಿಲ್ಲ, ಮೇಲಿನವರು ಕೇಳ್ತಾರೆ."

ಅವರು ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿಯೇ ಮಾತಾಡಿದರು. ಮುಚ್ಚಳಿಕೆ ಬರೆಯಲು ನಾವು ಒಪ್ಪಲಿಲ್ಲ. ಆದರೂ ಅವರು ಅರ್ಜಿ ಇಟ್ಟುಕೊಂಡರು, ಠೇವಣಿ ಕಟ್ಟಿಸಿಕೊಂಡು ರಶೀದಿ ಕೊಟ್ಟರು. ಸಭೆಗೆ ಎರಡು ದಿನ ಇದೆ ಎನ್ನುವಾಗ ಫೋನ್ ಬಂತು. ಹಾಲ್ ರಿಪೇರಿ ಇದೆಯಂತೆ. ಯಾರೋ ಮೇಲಿನವರಿಗೆ ಫೋನ್ ಮಾಡಿ ಗಲಾಟೆ ಆಗಬಹುದು ಎಂದಿದ್ದರಂತೆ ಎಂಬುದು ಆಮೇಲೆ ಕಿವಿಗೆ ಬಿತ್ತು. ಯಾರು, ಏನು ಎಂದು ಕೇಳಿದರೆ ಉತ್ತರ ಇಲ್ಲ. ಠೇವಣಿ ವಾಪಸ್ ಬಂತು. ಕಾಗದದಲ್ಲಿ ಒಂದು ಸಾಲೂ ಬರಲಿಲ್ಲ. ನನಗೆ ಜಾಸ್ತಿ ನೋವಾದದ್ದು ಅದಕ್ಕೇ. ಇಲ್ಲ ಎಂದು ಬರೆದುಕೊಟ್ಟಿದ್ದರೆ ಮೇಲಿನವರ ಹತ್ತಿರ ಕೇಳಬಹುದಿತ್ತು, ಕೋರ್ಟಿಗಾದರೂ ಹೋಗಬಹುದಿತ್ತು. ಫೋನಿನಲ್ಲಿ ಬಂದ 'ರಿಪೇರಿ'ಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು?

ಇಂಥದ್ದು ಹೊಸದಲ್ಲ. ಇಂಗ್ಲೆಂಡಿನ ಒಬ್ಬ ಚಪ್ಪಲಿ ಹೊಲಿಯುವವನ ಕತೆ ಇಲ್ಲಿ ಹೇಳಲೇಬೇಕು. ಅವನ ಹೆಸರು ಥಾಮಸ್ ಹಾರ್ಡಿ. 1792ರ ಜನವರಿಯಲ್ಲಿ ಲಂಡನ್ನಿನ ಎಕ್ಸೆಟರ್ ಬೀದಿಯ ಬೆಲ್ ಎಂಬ ಹೆಂಡದಂಗಡಿಯಲ್ಲಿ ಅವನೂ ಗೆಳೆಯರೂ ಸೇರಿ ಒಟ್ಟು 9 ಜನ ಕೂತರು. ಬ್ರೆಡ್ಡು, ಚೀಸು ತಿಂದು ಒಂದು ಸಂಘ ಕಟ್ಟಿದರು. ವಾರಕ್ಕೆ ಒಂದು ಪೆನ್ನಿ ಚಂದಾ. ಸದಸ್ಯರ ಸಂಖ್ಯೆಗೆ ಮಿತಿ ಇರಬಾರದು ಎಂಬುದು ಅವರ ಮೊದಲ ನಿಯಮ. ಹೆಸರು ಲಂಡನ್ ಕರೆಸ್ಪಾಂಡಿಂಗ್ ಸೊಸೈಟಿ. ಬೇರೆ ಊರಿನ ಇಂಥವೇ ಸಂಘಗಳ ಜೊತೆ ಕಾಗದ ಬರೆದುಕೊಳ್ಳುವ ಸಂಘ ಎಂದು ಅರ್ಥ. ಅವರು ಐದು ರಾತ್ರಿ ಚರ್ಚೆ ಮಾಡಿದ್ದು ಒಂದೇ ಪ್ರಶ್ನೆಯ ಮೇಲೆ. ಕಸುಬಿನವರು, ಅಂಗಡಿಯವರು, ಕೂಲಿ ಕೆಲಸದವರು ಆದ ನಮಗೆ ಪಾರ್ಲಿಮೆಂಟು ಸರಿ ಮಾಡಿ ಎಂದು ಕೇಳುವ ಹಕ್ಕು ಇದೆಯೇ? ಇದೆ ಎಂದು ತೀರ್ಮಾನ ಮಾಡಿಕೊಂಡೇ ಮುಂದೆ ಹೋದರು. ಕರಪತ್ರ ಅಚ್ಚು ಹಾಕಿಸಿದರು. ಅಗ್ಗದ ಬೆಲೆಗೆ ಹಂಚಿದರು. ಓದಲು ಬಾರದವರಿಗೆ ಸಭೆಯಲ್ಲಿ ಓದಿ ಹೇಳಿದರು.

ಸರ್ಕಾರ ಆ ಸಭೆಗಳಿಗೆ ಗೂಢಚಾರರನ್ನು ಕಳಿಸಿತು. ಯಾರು ಬಂದರು, ಏನು ಮಾತಾಡಿದರು ಎಂದು ಆ ಗೂಢಚಾರರು ಬರೆದಿಟ್ಟದ್ದರಿಂದಲೇ ಇವತ್ತು ನಮಗೆ ಆ ಸಭೆಗಳ ಬಗ್ಗೆ ಎಷ್ಟೋ ವಿಷಯ ಗೊತ್ತು. 1794ರ ಮೇ ತಿಂಗಳಲ್ಲಿ ಹಾರ್ಡಿಯನ್ನು ರಾಜದ್ರೋಹದ ಮೇಲೆ ಹಿಡಿದರು. ಅದಕ್ಕೆ ಮರಣದಂಡನೆ. ಅವನು ಜೈಲಿನಲ್ಲಿರುವಾಗ ಒಂದು ಗುಂಪು ಮನೆಗೆ ನುಗ್ಗಲು ನೋಡಿತು. ಗರ್ಭಿಣಿಯಾಗಿದ್ದ ಹೆಂಡತಿ ಅದೇ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ನವೆಂಬರ್ 5ಕ್ಕೆ ಲಂಡನ್ನಿನ ಜೂರಿ ಅವನು ನಿರ್ದೋಷಿ ಎಂದಿತು. ಚಪ್ಪಲಿ ಹೊಲಿಯುವವನು ಗೆದ್ದ. ಆದರೆ ಕೋರ್ಟಿನಲ್ಲಿ ಸೋತ ಸರ್ಕಾರ ಕಾನೂನನ್ನೇ ಬದಲಾಯಿಸಿತು. 1795ರಲ್ಲಿ ಬಂದ ಕಾಯ್ದೆ ಏನು ಹೇಳಿತು ಗೊತ್ತೇ? 50ಕ್ಕಿಂತ ಜಾಸ್ತಿ ಜನ ಸೇರುವ ಇಂಥ ಸಭೆಗೆ ಮೊದಲೇ ತಿಳಿಸಬೇಕು. ದುಡ್ಡು ತೆಗೆದುಕೊಂಡು ಭಾಷಣ, ಚರ್ಚೆ ನಡೆಸುವ ಕೋಣೆಗೆ ಲೈಸೆನ್ಸ್ ಬೇಕು. ಜನರನ್ನು ಜೈಲಿಗೆ ಹಾಕಲು ಆಗದಿದ್ದಾಗ ಕೋಣೆಯನ್ನು ಹಿಡಿದರು. ಕೋಣೆಯ ಯಜಮಾನನಿಗೆ ಹೆದರಿಕೆ ಹುಟ್ಟಿಸಿದರೆ ಸಾಕು, ಮಾತಾಡುವವರನ್ನು ಮುಟ್ಟುವ ಅಗತ್ಯವೇ ಇಲ್ಲ. ನಮ್ಮ ಗುಮಾಸ್ತರ ಮುಖದಲ್ಲಿ ನಾನು ಕಂಡದ್ದು ಆ ಹೆದರಿಕೆಯನ್ನೇ.

ಹಾರ್ಡಿಗಿಂತ ಮೂವತ್ತು ವರ್ಷ ಮೊದಲು ಪಾರ್ಲಿಮೆಂಟ್ ಸದಸ್ಯನೂ ಪತ್ರಕರ್ತನೂ ಆಗಿದ್ದ ಜಾನ್ ವಿಲ್ಕ್ಸ್ ಪ್ರಕರಣವೂ ಹೀಗೇ ಸಾಗಿತ್ತು. 1763ರಲ್ಲಿ ತನ್ನ ಪತ್ರಿಕೆಯ 45ನೇ ಸಂಚಿಕೆಯಲ್ಲಿ ಅವನು ರಾಜನ ಭಾಷಣವನ್ನು ಟೀಕಿಸಿದ. ಯಾರನ್ನು ಹಿಡಿಯಬೇಕೆಂಬ ಹೆಸರೇ ಇಲ್ಲದ ವಾರಂಟು ಹಿಡಿದುಕೊಂಡು ಸರ್ಕಾರದವರು ಅಚ್ಚಿನವರು, ಅಂಗಡಿಯವರು ಎಂದು 50ರ ಹತ್ತಿರ ಜನರನ್ನು ಎಳೆದೊಯ್ದರು. ಅಂಥ ವಾರಂಟು ನಡೆಯುವುದಿಲ್ಲ ಎಂದು ಮುಂದೆ ಕೋರ್ಟುಗಳು ಹೇಳಿದವು. ಅವನ ಬೆನ್ನಿಗೆ ನಿಲ್ಲಲು, ಸಾಲ ತೀರಿಸಲು 1769ರಲ್ಲಿ ಒಂದು ಸಂಘವೇ ಹುಟ್ಟಿತು. ಪಾರ್ಲಿಮೆಂಟಿನ ಚರ್ಚೆಯನ್ನು ಪತ್ರಿಕೆಗಳು ವರದಿ ಮಾಡುವುದನ್ನು ತಡೆಯುವ ಪ್ರಯತ್ನ 1771ರಲ್ಲಿ ಸೋತದ್ದರ ಹಿಂದೆಯೂ ಅವನ ಕಡೆಯವರಿದ್ದರು. ಇವತ್ತು ವಿಧಾನಸಭೆಯ ಕಲಾಪ ಪೇಪರಿನಲ್ಲಿ ಬರುವುದು ನಮಗೆ ಮಾಮೂಲು. ಅದನ್ನು ಯಾರೂ ಪುಕ್ಕಟೆ ಕೊಟ್ಟಿರಲಿಲ್ಲ.

1799ಕ್ಕೆ ಬರೋಣ. ಈ ವರ್ಷ ನನ್ನನ್ನು ಬಹಳ ಕಾಡಿದೆ. ಆ ಜುಲೈಯಲ್ಲಿ ಲಂಡನ್ನಿನ ಪಾರ್ಲಿಮೆಂಟು ಹಾರ್ಡಿಯ ಸಂಘವನ್ನು ಹೆಸರು ಹಿಡಿದೇ ನಿಷೇಧಿಸಿತು. ಅದೇ ಕಾಯ್ದೆಯಲ್ಲಿ ಇನ್ನೊಂದು ವಿಷಯವೂ ಇತ್ತು. ಅಚ್ಚಿನ ಯಂತ್ರ ಇಟ್ಟುಕೊಂಡವರು ನೋಂದಣಿ ಮಾಡಿಸಬೇಕು, ಅಚ್ಚು ಹಾಕಿದ ಕಾಗದದ ಮೇಲೆ ಮುದ್ರಕನ ಹೆಸರು, ವಿಳಾಸ ಇರಬೇಕು. ಸಂಘ ಮತ್ತು ಅಚ್ಚುಕೂಟ ಎರಡನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಿಹಾಕಿದರು. ಅದೇ ವರ್ಷದ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ನಮ್ಮ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅದೇ ಮೇ ತಿಂಗಳಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಕಲ್ಕತ್ತೆಯ ಪತ್ರಿಕೆಗಳಿಗೆ ನಿಯಮ ಹೊರಡಿಸಿದ. ಮುದ್ರಕನ ಹೆಸರು ಪತ್ರಿಕೆಯ ಕೆಳಗೆ ಬರಬೇಕು, ಸಂಪಾದಕ ಮತ್ತು ಮಾಲೀಕರ ಹೆಸರು-ವಿಳಾಸ ಸರ್ಕಾರಕ್ಕೆ ಕೊಡಬೇಕು, ಅಧಿಕಾರಿ ನೋಡಿ ಒಪ್ಪದೆ ಯಾವುದೂ ಅಚ್ಚಾಗಬಾರದು. ತಪ್ಪಿದರೆ ಯೂರೋಪಿಗೆ ಗಡೀಪಾರು. ಅಂದರೆ ನಮ್ಮ ಊರು ಕಂಪನಿ ಆಳ್ವಿಕೆಗೆ ಸೇರಿದ ವರ್ಷ, ಕಂಪನಿ ಪತ್ರಿಕೆಗಳ ಬಾಯಿಗೆ ಬಟ್ಟೆ ಕಟ್ಟಿದ ವರ್ಷ ಎರಡೂ ಒಂದೇ.

ಇವತ್ತಿನ ಪೇಪರ್ ಕೈಯಲ್ಲಿದ್ದರೆ ಇಂಪ್ರಿಂಟ್ ಸಾಲು ಹುಡುಕಿ ನೋಡಿ. ಹೆಚ್ಚಾಗಿ ಕೊನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮುದ್ರಕರು ಮತ್ತು ಪ್ರಕಾಶಕರು ಇಂಥವರು, ಇಂಥ ಪ್ರೆಸ್ಸಿನಲ್ಲಿ ಮುದ್ರಿಸಿ ಇಂಥ ವಿಳಾಸದಿಂದ ಪ್ರಕಟಿಸಿದ್ದಾರೆ, ಸಂಪಾದಕರು ಇಂಥವರು. ಓದುಗರು ಅದನ್ನು ಓದುವುದಿಲ್ಲ. ಕರಡು ತಿದ್ದುವವರು ಮಾತ್ರ ಪ್ರತಿ ದಿನ ಓದಲೇಬೇಕು, ಅದರಲ್ಲಿ ಒಂದು ಅಕ್ಷರ ತಪ್ಪಾದರೂ ಕಷ್ಟ. ನಮ್ಮ ದೇಶದಲ್ಲಿ ಆ ಸಾಲನ್ನು ಕಡ್ಡಾಯ ಮಾಡಿದ್ದ 1867ರ ಕಾಯ್ದೆ 2024ರ ಮಾರ್ಚ್‌ವರೆಗೂ ಬದುಕಿತ್ತು. ಜವಾಬ್ದಾರಿಗೆ ಹೆಸರು ಬೇಕು, ಅದನ್ನು ನಾನು ಒಪ್ಪುತ್ತೇನೆ. ಬರೆದವರು, ಅಚ್ಚು ಹಾಕಿದವರು ಹೆಸರು ಹಾಕಬೇಕು ಎಂದಾದರೆ, ಸಭೆ ಬೇಡ ಎಂದವರೂ ಹೆಸರು ಹಾಕಬೇಕು ಅಲ್ವಾ? ನಮ್ಮ ಹಾಲ್ ಯಾರು ಬೇಡ ಎಂದರು ಎಂಬುದು ಇವತ್ತಿಗೂ ಯಾವ ಕಾಗದದಲ್ಲೂ ಇಲ್ಲ.

ವೆಲ್ಲೆಸ್ಲಿಯ ನಿಯಮಗಳ ನಂತರ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಯಾಯಿತು. 1823ರಲ್ಲಿ ಪತ್ರಿಕೆಗೆ ಲೈಸೆನ್ಸ್ ಬೇಕೆಂಬ ನಿಯಮ ಬಂದಾಗ ರಾಜಾ ರಾಮಮೋಹನ ರಾಯ್ ಮತ್ತು ಐವರು ಗೆಳೆಯರು ಸೇರಿ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಮನವಿ ಕೊಟ್ಟರು. ಅದು ಬಿದ್ದುಹೋಯಿತು. ರಾಯ್ ತಮ್ಮ ಪರ್ಷಿಯನ್ ಪತ್ರಿಕೆಯನ್ನೇ ನಿಲ್ಲಿಸಿಬಿಟ್ಟರು. 1835ರಲ್ಲಿ ಹಂಗಾಮಿ ಗವರ್ನರ್ ಜನರಲ್ ಮೆಟ್ಕಾಫ್ ಆ ಲೈಸೆನ್ಸ್ ತೆಗೆದುಹಾಕಿದರು. ಪತ್ರಿಕೆ ಹೊರಡಿಸುವವರು ಒಂದು ಘೋಷಣೆ ಕೊಟ್ಟರೆ ಸಾಕು ಎಂದಾಯಿತು. ಎಂಟು ವರ್ಷದ ನಂತರ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಾಗ ದಾರಿ ಅಷ್ಟಾದರೂ ತೆರೆದಿತ್ತು.

ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಸಂಘದಿಂದ ಪತ್ರಿಕೆ ಹುಟ್ಟುವುದಕ್ಕೆ, ಪತ್ರಿಕೆಯವರಿಂದ ಸಂಘ ಹುಟ್ಟುವುದಕ್ಕೆ ಮದ್ರಾಸಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅವರನ್ನು ಹೈಕೋರ್ಟಿನ ನ್ಯಾಯಾಧೀಶರನ್ನಾಗಿ ಮಾಡಿದಾಗ ಬಿಳಿಯರ ಪತ್ರಿಕೆಗಳು ಕೂಗಾಡಿದವು. ಟ್ರಿಪ್ಲಿಕೇನ್ ಸಾಹಿತ್ಯ ಸಂಘದ ಆರು ಯುವಕರಿಗೆ ಸಿಟ್ಟು ಬಂತು. ಒಂದು ರೂಪಾಯಿ ಹನ್ನೆರಡಾಣೆ ಸಾಲ ಮಾಡಿ 80 ಪ್ರತಿ ಅಚ್ಚು ಹಾಕಿಸಿದರು. 'ದಿ ಹಿಂದೂ' ಶುರುವಾದದ್ದು ಹೀಗೆ. ಆರು ವರ್ಷದ ನಂತರ, 1884ರಲ್ಲಿ, ಅದೇ ಪತ್ರಿಕೆಯ ಜಿ. ಸುಬ್ರಹ್ಮಣ್ಯ ಅಯ್ಯರ್ ಮತ್ತು ಎಂ. ವೀರರಾಘವಾಚಾರಿಯರ್, ಜೊತೆಗೆ ಪಿ. ಆನಂದಾಚಾರ್ಲು ಸೇರಿ ಮದ್ರಾಸ್ ಮಹಾಜನ ಸಭಾ ಕಟ್ಟಿದರು. ಮರುವರ್ಷ ಕಾಂಗ್ರೆಸ್ ಹುಟ್ಟಿತು.

ನಮ್ಮ ಕಡೆಯೂ ಕಡಿಮೆ ಏನಿರಲಿಲ್ಲ. 1907ರಿಂದ 'ಸ್ವದೇಶಾಭಿಮಾನಿ' ಪತ್ರಿಕೆ ಮಂಗಳೂರಿನಿಂದ ಹೊರಟಿತು. ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವ ರಾವ್ ತಮ್ಮ ಆಸ್ತಿಯನ್ನೆಲ್ಲ ಸಾರ್ವಜನಿಕ ಕೆಲಸಕ್ಕೆ ಸುರಿದರು. ಕಡೆಂಗೋಡ್ಲು ಶಂಕರ ಭಟ್ಟರು 'ರಾಷ್ಟ್ರಬಂಧು' ಪತ್ರಿಕೆ ನಡೆಸಿದರು. 1934ರಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ಅಜ್ಜರಕಾಡಿನಲ್ಲಿ ಜನ ಸೇರಿದರು. ಇದೆಲ್ಲ ಪರಕೀಯರ ಆಳ್ವಿಕೆಯಲ್ಲಿ ನಡೆದದ್ದು. ಆದರೆ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವ ಮುಖ್ಯ ಕತೆ ಸ್ವಾತಂತ್ರ್ಯ ಬಂದ ಮೇಲಿನದು.

1950ರ ಜನವರಿ 26ಕ್ಕೆ ಸಂವಿಧಾನ ಜಾರಿಗೆ ಬಂತು. ಕುಂದಾಪುರದಿಂದ ಕಾಸರಗೋಡಿನವರೆಗೆ ಇಡೀ ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲೇ ಇತ್ತು. 1956ರ ತನಕ ಹಾಗೇ. ಎರಡು ತಿಂಗಳೂ ಕಳೆದಿರಲಿಲ್ಲ, ಮಾರ್ಚ್ 1ರಂದು ಮದ್ರಾಸ್ ಸರ್ಕಾರ ಒಂದು ಆದೇಶ ಹೊರಡಿಸಿತು. ಮುಂಬಯಿಯಿಂದ ಬರುತ್ತಿದ್ದ 'ಕ್ರಾಸ್ ರೋಡ್ಸ್' ಎಂಬ ಇಂಗ್ಲಿಷ್ ವಾರಪತ್ರಿಕೆ ರಾಜ್ಯದೊಳಗೆ ಬರಬಾರದು. ಅಂದರೆ ಮಂಗಳೂರಿನಲ್ಲೂ ಉಡುಪಿಯಲ್ಲೂ ಅದನ್ನು ಮಾರುವಂತಿಲ್ಲ, ಹಂಚುವಂತಿಲ್ಲ. ಒಂಬತ್ತು ದಿನ ಕಳೆದು, ಮಾರ್ಚ್ 10ಕ್ಕೆ, ಅದೇ ಸರ್ಕಾರ ಇನ್ನೊಂದು ಆದೇಶ ಹೊರಡಿಸಿತು. ಪೀಪಲ್ಸ್ ಎಜುಕೇಷನ್ ಸೊಸೈಟಿ ಎಂಬ ನೋಂದಾಯಿತ ಸಂಘ ಕಾನೂನುಬಾಹಿರ. ವಿಜ್ಞಾನದ, ಅದರಲ್ಲೂ ಸಮಾಜ ವಿಜ್ಞಾನದ ತಿಳಿವಳಿಕೆ ಜನರಿಗೆ ಹಂಚುವುದು ತನ್ನ ಉದ್ದೇಶ ಎಂದು ಸಂಘ ಹೇಳುತ್ತಿತ್ತು. ಕಮ್ಯುನಿಸ್ಟರಿಗೆ ಸಹಾಯ ಮಾಡುತ್ತಿದೆ ಎಂದು ಸರ್ಕಾರ ಹೇಳುತ್ತಿತ್ತು. ಮೊದಲು ಪತ್ರಿಕೆ, ಒಂಬತ್ತು ದಿನದಲ್ಲಿ ಸಂಘ. 1799ರಲ್ಲಿ ಲಂಡನ್ನಿನಲ್ಲಿ ನಡೆದದ್ದನ್ನು ಇಲ್ಲಿ ನೆನೆಸಿಕೊಳ್ಳಿ.

ಪತ್ರಿಕೆಯ ರೊಮೇಶ್ ಥಾಪರ್ ನೇರ ಸುಪ್ರೀಂ ಕೋರ್ಟಿಗೆ ಹೋದರು. 1950ರ ಮೇ 26ಕ್ಕೆ ತೀರ್ಪು ಬಂತು. ಮಾತಿನ ಸ್ವಾತಂತ್ರ್ಯದಲ್ಲಿ ವಿಚಾರ ಹರಡುವ ಸ್ವಾತಂತ್ರ್ಯವೂ ಸೇರಿದೆ, ಜನರ ಕೈಗೆ ತಲುಪದಿದ್ದರೆ ಪ್ರಕಟಿಸಿ ಏನು ಬಂತು ಎಂಬುದು ಕೋರ್ಟಿನ ಮಾತಿನ ಸಾರ. ನಿಷೇಧ ರದ್ದಾಯಿತು. ಮರುವರ್ಷ ಸಂವಿಧಾನಕ್ಕೆ ಮೊದಲ ತಿದ್ದುಪಡಿ ತಂದು 'ಸಾರ್ವಜನಿಕ ಸುವ್ಯವಸ್ಥೆ' ಎಂಬ ಕಾರಣವನ್ನು ಸೇರಿಸಿದರು. ಆದರೆ ಅದೇ ತಿದ್ದುಪಡಿಯಲ್ಲಿ ಮಾತಿನ ಮೇಲಿನ ನಿರ್ಬಂಧ 'ನ್ಯಾಯಸಮ್ಮತ'ವಾಗಿರಬೇಕು ಎಂಬ ಷರತ್ತೂ ಬಂತು. ಹಾಲ್ ಕೊಡುವವರು ಮೊದಲನೆಯದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಎರಡನೆಯದೂ ನೆನಪಿರಲಿ.

ಸಂಘದ ಕಡೆಯಿಂದ ಅದರ ಕಾರ್ಯದರ್ಶಿ ವಿ. ಜಿ. ರಾವ್ ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹಾಕಿ 1952ರ ಮಾರ್ಚ್ 31ಕ್ಕೆ ಸುಪ್ರೀಂ ಕೋರ್ಟಿನಲ್ಲೂ ಸೋತಿತು. ಈ ತೀರ್ಪನ್ನು ನೀವು ದಯವಿಟ್ಟು ಒಮ್ಮೆ ಓದಿ. ಸಂಘ ಅಪಾಯಕಾರಿ ಎಂದು ಸರ್ಕಾರಕ್ಕೆ ಅನಿಸಿದರೆ ಸಾಕು, ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕಾಗಿಲ್ಲ ಎಂಬಂತೆ ಆ ಕಾನೂನು ಇತ್ತು. ಸಂಘ ಕಟ್ಟುವ ಹಕ್ಕು ಅಷ್ಟು ಹಗುರದ್ದಲ್ಲ, ಯಾರದೋ ಅನಿಸಿಕೆಯ ಮೇಲೆ ಅದನ್ನು ಕಿತ್ತುಕೊಳ್ಳಲಾಗದು ಎಂಬುದು ತೀರ್ಪಿನ ತಿರುಳು. ಎರಡೂ ತೀರ್ಪು ಬರೆದದ್ದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ. ಎರಡೂ ನಮ್ಮ ಜಿಲ್ಲೆಯನ್ನು ಆಳುತ್ತಿದ್ದ ಸರ್ಕಾರದ ವಿರುದ್ಧ ಬಂದವು. ಈ ನಾಡಿನ ಮಾತಿನ ಹಕ್ಕು, ಸಂಘದ ಹಕ್ಕು ಗಟ್ಟಿಯಾಗಿದ್ದು ನಮ್ಮ ಮೇಲೆ ಹೊರಡಿಸಿದ ಆದೇಶಗಳು ಬಿದ್ದಾಗ.

ಈಗ ನಿಮ್ಮ ಕಷ್ಟವನ್ನೂ ನೋಡೋಣ. "ಇದು ಕರಾವಳಿ, ಇಲ್ಲಿ ಒಂದು ಮಾತಿಗೆ ಊರು ಹೊತ್ತಿಕೊಳ್ಳುತ್ತದೆ" ಎಂದು ನೀವು ಹೇಳುತ್ತೀರಿ. ಅದು ಸುಳ್ಳಲ್ಲ. ಕರ್ಫ್ಯೂ ನೋಡಿದ್ದೇವೆ, ಇಂಟರ್ನೆಟ್ ನಿಂತದ್ದು ನೋಡಿದ್ದೇವೆ, ಸಾವುಗಳನ್ನು ನೋಡಿದ್ದೇವೆ. ಸಂಘ ಎಂದ ಮಾತ್ರಕ್ಕೆ ಒಳ್ಳೆಯದೇ ಆಗಬೇಕಿಲ್ಲ ಎಂಬುದೂ ನನಗೆ ಗೊತ್ತು. ಕ್ರಾಂತಿಯ ಕಾಲದ ಫ್ರಾನ್ಸಿನ ಜಾಕೊಬಿನ್ ಕ್ಲಬ್ಬು ಎಂಬ ರಾಜಕೀಯ ಸಂಘ ಹಕ್ಕುಗಳ ಮಾತಿನಿಂದಲೇ ಬೆಳೆದದ್ದು. ಅಧಿಕಾರ ಸಿಕ್ಕ ಮೇಲೆ ಅದರ ನಾಯಕರು ಬೇರೆಯವರ ಕ್ಲಬ್ಬು ಮುಚ್ಚಿಸಿದರು, ಪತ್ರಿಕೆಯವರನ್ನು ತಲೆ ಕಡಿಯುವ ಗಿಲೊಟಿನ್‌ಗೆ ಕಳಿಸಿದರು. ಕಮೀಲ್ ದೆಮುಲಾನ್ ಎಂಬ ಪತ್ರಕರ್ತ ಇದನ್ನು ತನ್ನ ಪತ್ರಿಕೆಯಲ್ಲಿ ಪ್ರಶ್ನಿಸಿದ. ಅವನು ಕ್ಲಬ್ಬಿನ ಮುಖ್ಯ ನಾಯಕ ರೋಬೆಸ್ಪಿಯರ್‌ನ ಗೆಳೆಯನೇ. 1794ರ ಜನವರಿಯಲ್ಲಿ ಕ್ಲಬ್ಬಿನ ಸಭೆಯಲ್ಲೇ ರೋಬೆಸ್ಪಿಯರ್ ಆ ಸಂಚಿಕೆಗಳನ್ನು ಸುಡಬೇಕು ಎಂದ. ಸುಡುವುದು ಉತ್ತರವಲ್ಲ ಎಂದು ದೆಮುಲಾನ್ ಅಲ್ಲೇ ಹೇಳಿದ. ಮೂರು ತಿಂಗಳೊಳಗೆ ಅವನ ತಲೆ ಹೋಯಿತು. ನಮ್ಮ ಊರಿನಲ್ಲೂ ತಮ್ಮ ಸಭೆಗೆ ಹಾಲ್ ಬೇಕು, ಬೇರೆಯವರ ಸಭೆ ಆಗಬಾರದು ಎನ್ನುವವರು ಇದ್ದಾರೆ. ಎಡದಲ್ಲೂ ಇದ್ದಾರೆ, ಬಲದಲ್ಲೂ ಇದ್ದಾರೆ. ನಿಮಗೆ ಫೋನ್ ಮಾಡುವವರು ಅವರೇ.

ಅಂಥ ಫೋನಿಗೆ ಏನು ಉತ್ತರ ಕೊಡಬೇಕು ಎಂಬುದನ್ನೂ ಕೋರ್ಟು ಹೇಳಿಯಾಗಿದೆ. 1989ರ ಎಸ್. ರಂಗರಾಜನ್ ಪ್ರಕರಣದಲ್ಲಿ ಒಂದು ಸಿನಿಮಾ ತೋರಿಸಿದರೆ ಗಲಾಟೆ ಆಗುತ್ತದೆ ಎಂಬ ವಾದ ಬಂತು. ಬೆದರಿಕೆ ಇದೆ ಎಂದು ಮಾತಿನ ಸ್ವಾತಂತ್ರ್ಯವನ್ನು ಅದುಮುವಂತಿಲ್ಲ, ಅದನ್ನು ಕಾಪಾಡುವುದೇ ಸರ್ಕಾರದ ಕೆಲಸ ಎಂದಿತು ಸುಪ್ರೀಂ ಕೋರ್ಟು. 1972ರಲ್ಲಿ ಅಹಮದಾಬಾದಿನ ಹಿಮ್ಮತ್ ಲಾಲ್ ಶಾ ಪ್ರಕರಣ ಬೀದಿಯಲ್ಲಿ ಸಭೆ ಮಾಡುವ ಅನುಮತಿಯ ಬಗ್ಗೆ ಇತ್ತು. ಸಭೆಗೆ ನಿಯಮ ಇರಬಹುದು, ಆದರೆ ಯಾವ ಕಾರಣಕ್ಕೆ ಬೇಡ ಎನ್ನಬಹುದು ಎಂಬುದೇ ಇಲ್ಲದೆ ಅಧಿಕಾರಿಯ ಇಷ್ಟಕ್ಕೆ ಬಿಟ್ಟ ನಿಯಮ ನಿಲ್ಲದು ಎಂದು ಆಗ ತೀರ್ಮಾನವಾಯಿತು. ದ್ವೇಷದ ಭಾಷಣ ಮಾಡಿದವರ ಮೇಲೆ, ಹೊಡೆಯಿರಿ ಕಡಿಯಿರಿ ಎಂದವರ ಮೇಲೆ ಕೇಸು ಹಾಕಲು ಕಾನೂನಿದೆ. ಹಾಕಿ, ನಾವೇ ಸಾಕ್ಷಿ ಹೇಳುತ್ತೇವೆ. ಮಾತಾಡುವ ಮೊದಲೇ ಎಲ್ಲರ ಬಾಗಿಲು ಹಾಕುವುದು ಬೇರೆ ವಿಷಯ. ಬಾಗಿಲು ಹಾಕಿದರೆ ದ್ವೇಷದ ಮಾತು ನಿಲ್ಲುವುದಿಲ್ಲ. ಅದು ಮೊಬೈಲಿಗೆ ಹೋಗುತ್ತದೆ, ಅಲ್ಲಿ ಎದ್ದು ನಿಂತು "ಇದು ಸುಳ್ಳು" ಎನ್ನಲು ಯಾರೂ ಇರುವುದಿಲ್ಲ. ಸಭೆಯಲ್ಲಿ ಹಾಗಲ್ಲ. ಹಿಂದಿನ ಸಾಲಿನಿಂದ ಯಾರಾದರೂ ಕೈ ಎತ್ತಿಯೇ ಎತ್ತುತ್ತಾರೆ. ನಮ್ಮ ಬಳಗದಲ್ಲಿ ನಾನು ಹೇಳಿದ್ದನ್ನು ಅತಿ ಹೆಚ್ಚು ಬಾರಿ ಪ್ರಶ್ನಿಸಿದವರು ಒಬ್ಬರು ರಿಕ್ಷಾ ಚಾಲಕರು. ಪ್ರತಿ ಸಲ ಪೇಪರಿನ ಕಟಿಂಗ್ ಕಿಸೆಯಲ್ಲಿ ಮಡಚಿಟ್ಟುಕೊಂಡು ಬರುತ್ತಾರೆ.

ಅವರು ಆ ಪೇಪರ್ ಓದುವುದು ವಾಚನಾಲಯದಲ್ಲಿ. ಹಾಗಾಗಿ ವಾಚನಾಲಯದ ಮಾತು. ನಮ್ಮ ರಾಜ್ಯದಲ್ಲಿ 1965ರ ಗ್ರಂಥಾಲಯ ಕಾಯ್ದೆ ಇದೆ. ಆಸ್ತಿ ತೆರಿಗೆ ಕಟ್ಟುವಾಗ 100ಕ್ಕೆ 6 ರೂಪಾಯಿಯಂತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೀರಿ. ಒಳ್ಳೆಯದೇ. ಆ ಮೇಜಿನ ಮೇಲೆ ದೊಡ್ಡ ದಿನಪತ್ರಿಕೆಗಳ ಜೊತೆ ಜಿಲ್ಲೆಯ ಸಣ್ಣ ಪತ್ರಿಕೆಗಳೂ ಇರಲಿ, ನಿಮ್ಮನ್ನು ಟೀಕಿಸುವ ಪತ್ರಿಕೆಯೂ ಇರಲಿ. ಸಂಜೆ ಓದುಗರು ಎದ್ದು ಹೋದ ಮೇಲೆ ಆ ಕೋಣೆ ಸುಮ್ನೆ ಖಾಲಿ ಬಿದ್ದಿರುತ್ತದೆ. ವಾರದಲ್ಲಿ ಒಂದು ಸಂಜೆ ಅದನ್ನು ಊರಿನ ಯಾವುದೇ ಬಳಗಕ್ಕೆ ಮಾತಾಡಲು ಬಿಟ್ಟುಕೊಡಿ. ಬೀಡಿ ಕಟ್ಟುವ ಹೆಂಗಸರು ಬರಲಿ, ಮೀನುಗಾರರು ಬರಲಿ, ಕಾಲೇಜು ಮಕ್ಕಳು ಬರಲಿ. ಕಸ ಗುಡಿಸುವ ಹೊಣೆ ಸಭೆ ಮಾಡಿದವರದು.

ಹಾಲ್‌ಗಳ ವಿಷಯದಲ್ಲಿ ನಾವು ಕೇಳುವುದು ದುಡ್ಡು ಖರ್ಚಾಗುವ ಕೆಲಸವೇನಲ್ಲ. ಬಾಡಿಗೆ ಎಷ್ಟು, ಠೇವಣಿ ಎಷ್ಟು, ಯಾವ ಕಾರಣಕ್ಕೆ ಅರ್ಜಿ ತಳ್ಳಬಹುದು ಎಂಬುದನ್ನು ಕನ್ನಡದಲ್ಲಿ ಬರೆದು ಬಾಗಿಲ ಹತ್ತಿರ ಹಾಕಿ. ಆಳುವ ಪಕ್ಷ, ವಿರೋಧ ಪಕ್ಷ, ಪಕ್ಷವೇ ಇಲ್ಲದವರು ಎಲ್ಲರಿಗೂ ಅದೇ ದರ, ಅದೇ ನಿಯಮ ಇರಲಿ. ಏನು ಮಾತಾಡುತ್ತೀರಿ ಎಂಬ ಮುಚ್ಚಳಿಕೆ ಕೇಳುವುದನ್ನು ಇವತ್ತೇ ನಿಲ್ಲಿಸಿ. ಅದು ವೆಲ್ಲೆಸ್ಲಿ ಕೇಳಿದ್ದು. ಬೇಡ ಎನ್ನುವುದಾದರೆ ಕಾರಣ ಬರೆದು, ಸಹಿ ಹಾಕಿ, ಬೇರೆ ಏರ್ಪಾಡು ಮಾಡಿಕೊಳ್ಳಲು ಸಮಯ ಇರುವಾಗಲೇ ಕೊಡಿ. ಬೆದರಿಕೆ ಫೋನ್ ಬಂದರೆ ಅದನ್ನು ಪೊಲೀಸರಿಗೆ ದೂರು ಕೊಡಿ. ಅದನ್ನೇ ಸಭೆ ರದ್ದು ಮಾಡಲು ಕಾರಣ ಮಾಡಬೇಡಿ. ನಿಮ್ಮ ಗುಮಾಸ್ತರಿಗೂ ಇದರಿಂದ ಧೈರ್ಯ ಬರುತ್ತದೆ. ಬರೆದ ನಿಯಮ ಇದ್ದರೆ ಅವರು ಮೇಲಿನವರ ಮುಖ ನೋಡಬೇಕಾಗಿಲ್ಲ.

ಪತ್ರಿಕೆಯ ಗೆಳೆಯರಿಗೂ ಒಂದು ಮಾತು. ಒಂದು ಸಭೆ ರದ್ದಾದರೆ ಅದು ಸುದ್ದಿ. ನಡೆದ ಸಭೆಯ ಫೋಟೋ ಹಾಕುತ್ತೀರಿ, ನಡೆಯಲು ಬಿಡದ ಸಭೆಯ ಬಗ್ಗೆ ಎರಡು ಸಾಲಾದರೂ ಬರಲಿ. ಇದೇ ಜಿಲ್ಲೆಯಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಓದುಗರಿಂದಲೇ ಷೇರು ಹಣ ಸೇರಿಸಿ 'ಮುಂಗಾರು' ಪತ್ರಿಕೆ ತಂದವರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನೇ ವಾಪಸ್ ಕೊಟ್ಟವರು. ಅವರು ಓಡಾಡಿದ ನೆಲದಲ್ಲಿ ನಾವು ಕೇಳುತ್ತಿರುವುದು ಒಂದು ಸಂಜೆಯ ಮಟ್ಟಿಗೆ ಇಪ್ಪತ್ತು ಕುರ್ಚಿ, ಒಂದು ಫ್ಯಾನು.

ಈ ಪತ್ರ ಪ್ರಕಟವಾದ ಮೇಲೆ ನಮ್ಮ ಬಳಗ ಮತ್ತೆ ಅರ್ಜಿ ಹಾಕಲಿದೆ. ವಿಷಯ ಅದೇ, ಸಂವಿಧಾನದ 19ನೇ ವಿಧಿ. ಮದ್ರಾಸಿನ ಆ ಎರಡು ತೀರ್ಪುಗಳ ಪ್ರತಿಯನ್ನೂ ಅರ್ಜಿಯ ಜೊತೆ ಇಡುತ್ತೇವೆ. ಉತ್ತರ ಹೌದು ಎಂದಾದರೂ ಇಲ್ಲ ಎಂದಾದರೂ ಕಾಗದದಲ್ಲೇ ಕೊಡಿ. ಸಭೆ ನಡೆದರೆ ನೀವೂ ಬನ್ನಿ, ನಿಮ್ಮ ಕಷ್ಟಗಳನ್ನೂ ಅಲ್ಲೇ ಹೇಳಿ. ಪ್ರಶ್ನೆ ಕೇಳುವವರು ಇರುತ್ತಾರೆ.

ಇಂತಿ,
ಕರಾವಳಿಯ ಒಬ್ಬ ಓದುಗ